ಕುದುರೆಮುಖ ಪ್ಯಾಕೇಜ್: ಜೀಪಿಗೆ ಎರಡು, ಊಟಕ್ಕೆ ನಾಲ್ಕು, ಗೈಡಿಗೆ ಐದು ಸ್ಟಾರ್

ದುಡ್ಡಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ, ರಿವ್ಯೂ ಓದುವವರು ಹುಡುಕುವುದೇ ಅದನ್ನು. ತಲೆಗೆ ಮೂರು ಸಾವಿರದ ಇನ್ನೂರು. ಅದರಲ್ಲಿ ಮುಳ್ಳೋಡಿ ಕಡೆಯ ಹೋಂಸ್ಟೇ ಒಂದರಲ್ಲಿ ತಂಗುವುದು, ರಾತ್ರಿ ಊಟ, ಬೆಳಗಿನ ತಿಂಡಿ, ಬೆಟ್ಟಕ್ಕೆ ಬುತ್ತಿ, ಮುಖ್ಯ ರಸ್ತೆಯಿಂದ ಮೇಲಕ್ಕೂ ಕೆಳಕ್ಕೂ ಜೀಪು, ಗೈಡು, ಮಾರನೇ ದಿನ ಕುದುರೆಮುಖ ಟೌನ್‌ಶಿಪ್ ಕಡೆಗೆ ಒಂದು ಸುತ್ತು. ಅರಣ್ಯ ಇಲಾಖೆಯ ಚಾರಣ ಶುಲ್ಕ ಬೇರೆ. ಹೋಂಸ್ಟೇಯ ಹೆಸರು ಬರೆಯುತ್ತಿಲ್ಲ. ಆ ಭಾಗದ ಹತ್ತಾರು ಮನೆಗಳಲ್ಲಿ ಇದೇ ಪ್ಯಾಕೇಜು, ಇದೇ ಜೀಪು, ಫೋಟೋಗಳೂ ಹೆಚ್ಚುಕಮ್ಮಿ ಇವೇ. ನಾನು ಬರೆಯುವುದು ಎಲ್ಲದಕ್ಕೂ ಅಷ್ಟಿಷ್ಟು ಹೊಂದುತ್ತದೆ.

ನಾವು ನಾಲ್ವರು ಹೈಸ್ಕೂಲ್ ಟೀಚರ್‌ಗಳು, ಎಲ್ಲರೂ ಹೆಂಗಸರು, ಎಲ್ಲರಿಗೂ ನಲವತ್ತು ದಾಟಿದೆ. ದಸರಾ ರಜೆಗೆ ಹೋಗಿದ್ದೆವು. ನನ್ನದು ಸಮಾಜ ವಿಜ್ಞಾನ. ತವರು ದಾವಣಗೆರೆ ಕಡೆ, ಭದ್ರಾ ನಾಲೆಯ ಕೊನೇ ಭಾಗದ ಊರು. ನಾಲೆಯ ನೀರು ಬಂತಾ, ಎಷ್ಟು ದಿನ ಬಿಡ್ತಾರಂತೆ, ಮೇಲಿನವರು ಪಂಪ್ ಹಾಕಿದ್ದಾರಾ ಎನ್ನುವ ಮಾತು ಕೇಳಿಕೊಂಡೇ ಬೆಳೆದವಳು. ಆ ಭದ್ರೆ ಹುಟ್ಟುವ ಗುಡ್ಡಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಬಿಟ್ಟರೆ ನನಗೆ ಶಿಖರದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಹಂಬಲ ಇರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ: ಶಿಖರವನ್ನೇ ಗುರಿ ಮಾಡಿಕೊಂಡು ಹೋಗುವವರಿಗೆ ನನ್ನ ಸ್ಟಾರ್‌ಗಳು ತಿರುಗಾಮುರುಗಾ ಕಾಣಬಹುದು.

ಬುಕಿಂಗ್ ವಿಷಯ. ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಚಾರಣದ ಟಿಕೆಟ್ ತೆಗೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಶನಿವಾರ, ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ‘ಅದೆಲ್ಲ ನಾವೇ ನೋಡ್ಕೋತೀವಿ ಮೇಡಂ’ ಎಂದಿದ್ದ ಹೋಂಸ್ಟೇಯವರು ಆಮೇಲೆ ಫೋನ್ ಮಾಡಿ ಟಿಕೆಟ್ ದರದ ಮೇಲೆ ‘ಸರ್ವಿಸ್ ಚಾರ್ಜ್’ ಅಂತ ಒಂದಿಷ್ಟು ಕೇಳಿದರು. ನಮ್ಮ ಗಣಿತದ ಟೀಚರ್ ಸ್ಟಾಫ್ ರೂಮಿನಲ್ಲಿ ಕೂತು ಹತ್ತು ನಿಮಿಷದಲ್ಲಿ ತಾನೇ ಬುಕ್ ಮಾಡಿದಳು. ಆಧಾರ್ ಕಾರ್ಡ್ ಎದುರಿಗಿಟ್ಟುಕೊಂಡರೆ ಸಾಕು, ದೊಡ್ಡ ವಿದ್ಯೆಯೇನಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು, ರಜೆ ಹಾಕುವ ಮೊದಲು ಅದನ್ನು ವಿಚಾರಿಸಿಕೊಳ್ಳಿ.

ಜೀಪಿಗೆ ಎರಡು ಸ್ಟಾರ್ ಕೊಟ್ಟಿದ್ದು ಡ್ರೈವರ್ ಹುಡುಗನ ಕೈಚಳಕಕ್ಕೆ. ಸಂಸೆ ಕಡೆಯಿಂದ ಬಂದು ಮುಖ್ಯ ರಸ್ತೆಯಲ್ಲಿ ಇಳಿದರೆ ಮುಳ್ಳೋಡಿಗೆ ಐದಾರು ಕಿಲೋಮೀಟರು. ರಸ್ತೆ ಎನ್ನುವುದು ಮರ್ಯಾದೆಯ ಮಾತು. ಮಳೆ ಕೊರೆದ ಕೊರಕಲು, ನಡುವೆ ಹಳ್ಳ, ಒಂದು ಕಡೆ ಪ್ರಪಾತ. ಎಂಟು ಜನ ಕೂರುವ ಜೀಪಿಗೆ ಹದಿಮೂರು ಜನ ತುಂಬಿದರು, ಅದರಲ್ಲಿ ಇಬ್ಬರು ಹಿಂದೆ ನಿಂತರು. ನಾವು ಪ್ಯಾಕೇಜ್ ದುಡ್ಡು ಕೊಟ್ಟವರು, ಉಳಿದವರಲ್ಲಿ ಕೆಲವರು ಊರಿನವರು, ಅವರು ನಿಂತಿದ್ದಕ್ಕೆ ನನ್ನ ತಕರಾರಿಲ್ಲ, ಅವರಿಗೆ ಬೇರೆ ವಾಹನವೇ ಇಲ್ಲ. ಆದರೆ ಬೆಂಗಳೂರಿನ ಇನ್ನೊಂದು ತಂಡವನ್ನು ನಮ್ಮ ತೊಡೆಯ ಮೇಲೆ ಕೂರಿಸಿ ಅವರಿಂದಲೂ ಪೂರ್ತಿ ಬಾಡಿಗೆ ವಸೂಲಿ ಮಾಡಿದ್ದು ಸರಿಯಲ್ಲ. ಬುಕ್ ಮಾಡುವಾಗಲೇ ‘ಜೀಪಿನಲ್ಲಿ ಎಷ್ಟು ಜನ?’ ಎಂದು ಕೇಳಿಬಿಡಿ.

ರೂಮು ಪರವಾಗಿಲ್ಲ. ತಗಡಿನ ಮಾಡು, ಸಿಮೆಂಟ್ ನೆಲ, ಒಗೆದ ಹೊದಿಕೆ. ಬಚ್ಚಲಿನ ಹಂಡೆಯಲ್ಲಿ ಸೌದೆ ಒಲೆಯ ಬಿಸಿನೀರು ಬೆಳಗಿನ ಜಾವದಿಂದಲೇ ಸಿದ್ಧ. ಶೌಚಾಲಯ ಮೂರು, ಜನ ಮೂವತ್ತು. ಬೆಳಿಗ್ಗೆ ಐದೂವರೆಗೇ ಎದ್ದವರಿಗೆ ಸುಖ. ರಾತ್ರಿ ಹತ್ತರವರೆಗೂ ಅಂಗಳದಲ್ಲಿ ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು ಕುಣಿಯುತ್ತಿದ್ದವರನ್ನು ಮನೆಯವರು ಯಾರೂ ಒಂದು ಮಾತು ಕೇಳಲಿಲ್ಲ. ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ ಇದ್ದೇವೆ ಎನ್ನುವ ನೆನಪು ದುಡ್ಡು ಕೊಟ್ಟವರಿಗೂ ಇಲ್ಲ, ತೆಗೆದುಕೊಂಡವರಿಗೂ ಇಲ್ಲ.

ಊಟ ಮಾತ್ರ ಚೆನ್ನಾಗಿತ್ತು. ರಾತ್ರಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಕಳಲೆ ಪಲ್ಯ, ಒಂದೆಲಗದ ತಂಬುಳಿ. ಕಳಲೆಯನ್ನು ಒಗರು ಹೋಗುವ ತನಕ ನೀರು ಬದಲಿಸಿ ನೆನೆಸಿಟ್ಟಿದ್ದರು, ಗಂಟಲಲ್ಲಿ ಒಂಚೂರೂ ಕೆರೆತ ಇಲ್ಲ. ಬೆಳಿಗ್ಗೆ ಕಡುಬು, ಕಾಯಿ ಚಟ್ನಿ. ಅಡುಗೆ ಮಾಡಿದ ಅಜ್ಜಿ ಹೊರಗೆ ಬರಲೇ ಇಲ್ಲ. ನಾನೇ ಒಳಗೆ ಹೋಗಿ ಮಾತಾಡಿಸಿದೆ, ‘ಬಯಲುಸೀಮೆಯೋರು ಖಾರ ಜಾಸ್ತಿ ತಿಂತೀರಲ್ಲ, ಸಾಕಾಯ್ತಾ?’ ಅಂದರು. ಇಲ್ಲಿಗೆ ಐದು ಸ್ಟಾರ್ ಸಿಗಬೇಕಿತ್ತು. ಒಂದನ್ನು ಕಳೆದದ್ದು ಬುತ್ತಿಗೆ. ಚಿತ್ರಾನ್ನವನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟಿದ್ದರು. ಚೆಕ್‌ಪೋಸ್ಟಿನಲ್ಲಿ ಅರಣ್ಯ ಸಿಬ್ಬಂದಿ ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಎಲ್ಲ ತೆಗೆಸಿದರು, ಅದು ಅವರ ಕೆಲಸ, ಸರಿಯಾಗಿಯೇ ಮಾಡಿದರು. ದಿನಾ ಜನ ಕಳಿಸುವ ಹೋಂಸ್ಟೇಗೆ ಈ ನಿಯಮ ಗೊತ್ತಿಲ್ಲವೇ? ನನ್ನ ಸ್ಟೀಲ್ ಡಬ್ಬಿಯಲ್ಲಿ ನಾಲ್ವರ ಚಿತ್ರಾನ್ನ ಅದುಮಿ ತುಂಬಿಕೊಂಡು ಹೊರಟೆವು. ಡಬ್ಬಿ, ಬಾಟಲಿ ಮನೆಯಿಂದಲೇ ಒಯ್ಯಿರಿ.

ಇನ್ನು ಗೈಡು.

ಐವತ್ತರ ಆಸುಪಾಸು, ಮಲೆಕುಡಿಯ ಬುಡಕಟ್ಟಿನವರು, ಸಣಕಲು ಆಳು. ಮಂಡಿಯವರೆಗೆ ಮಡಚಿದ ಪ್ಯಾಂಟು, ರಬ್ಬರ್ ಚಪ್ಪಲಿ, ಸೊಂಟದಲ್ಲಿ ಕತ್ತಿ, ಕೈಯಲ್ಲಿ ಉಪ್ಪು ಕಟ್ಟಿದ ಬಟ್ಟೆಯ ಕೋಲು. ಕೋಲು ಇಂಬಳಕ್ಕೆ. ಅಕ್ಟೋಬರಿನಲ್ಲೂ ಕಾಡಿನ ದಾರಿಯಲ್ಲಿ ಒಂದು ನಿಮಿಷ ನಿಂತರೆ ಬೂಟಿನ ಮೇಲೆ ಮೂರು ನಾಲ್ಕು ಹತ್ತಿರುತ್ತವೆ. ಅವರು ಕೋಲು ಮುಟ್ಟಿಸಿದರೆ ಉದುರುತ್ತಿದ್ದವು. ಸಾವಿರ ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ಲೀಚ್ ಸಾಕ್ಸ್ ಹಾಕಿದ್ದ ನಮ್ಮ ಹಿಂದಿ ಟೀಚರಿಗೆ ಕತ್ತಿನ ಹಿಂದೆ ಕಚ್ಚಿತ್ತು.

ಹೊರಡುವ ಮೊದಲು ಅವರು ಕೇಳಿದ್ದು ಒಂದೇ ಮಾತು: ‘ನಿಮಗೆ ಮೇಲೆ ಮುಟ್ಟಬೇಕಾ, ಕಾಡು ನೋಡಬೇಕಾ?’ ಹೋಗಿ ಬರುವ ದಾರಿ ಇಪ್ಪತ್ತು ಕಿಲೋಮೀಟರಿಗೆ ಹತ್ತಿರ, ಸಂಜೆಯೊಳಗೆ ಚೆಕ್‌ಪೋಸ್ಟಿಗೆ ವಾಪಸ್ ಬಂದಿರಬೇಕು, ಮೇಲೆ ಟೆಂಟ್ ಹಾಕಿ ಉಳಿಯುವಂತಿಲ್ಲ. ಹಾಗಾಗಿ ಬಹಳಷ್ಟು ತಂಡಗಳು ಓಡುತ್ತವೆ. ಎಡಬಲ ನೋಡದೆ ಶಿಖರ ಮುಟ್ಟಿ, ಕೈ ಎತ್ತಿ ಫೋಟೋ ತೆಗೆಸಿಕೊಂಡು, ಓಡಿ ಇಳಿದು ಬರುತ್ತವೆ. ನಾವು ‘ಕಾಡು ನೋಡಬೇಕು, ಸಾಧ್ಯವಾದರೆ ಮೇಲೂ’ ಎಂದೆವು. ಅವರ ಮುಖ ಸ್ವಲ್ಪ ಸಡಿಲವಾಯಿತು.

ದಾರಿಯ ರೀತಿ ಹೇಳುತ್ತೇನೆ. ಮೊದಲು ತೋಟ, ಗದ್ದೆ, ಆಮೇಲೆ ಕಾಡು, ಹಳ್ಳ, ಮತ್ತೆ ಬಯಲು, ಮತ್ತೆ ಕಾಡು. ಒಂಟಿಮರ ದಾಟಿದ ಮೇಲೆ ಕಣ್ಣು ಹಾಯಿಸಿದಷ್ಟೂ ಹುಲ್ಲು. ನಾವು ಹೋದಾಗ ಅದು ಮೊಣಕಾಲಿಗಿಂತ ಎತ್ತರ, ಗಾಳಿ ಬೀಸಿದ ಕಡೆಗೆಲ್ಲ ಬಾಗುತ್ತಿತ್ತು, ಮೇಲ್ಮೈ ಹಸಿರು, ತಿರುಗಿದಾಗ ಬೂದು. ಗುಡ್ಡದ ಬೆನ್ನೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಮಾತ್ರ ಕಪ್ಪು ಹಸಿರಿನ ದಟ್ಟ ಕಾಡು. ಆ ಮಡಿಕೆಯ ಕಾಡೇ ಶೋಲಾ. ಹುಲ್ಲು ಎಲ್ಲಿ ಮುಗಿದು ಕಾಡು ಎಲ್ಲಿ ಶುರು ಎನ್ನುವುದಕ್ಕೆ ನಡುವೆ ಪೊದೆ, ಗಿಡ ಎಂಬ ತಯಾರಿಯೇ ಇಲ್ಲ. ಒಂದು ಕಾಲು ಹುಲ್ಲಿನಲ್ಲಿ ಇಟ್ಟು ಇನ್ನೊಂದು ಕಾಲು ಎತ್ತಿಟ್ಟರೆ ನೆರಳು, ತಂಪು, ಪಾಚಿ ಹಿಡಿದ ಕಾಂಡ.

ನಮ್ಮ ಇಂಗ್ಲಿಷ್ ಟೀಚರ್ ‘ಇಷ್ಟು ದೊಡ್ಡ ಗುಡ್ಡ ಬೋಳಾಗಿದೆಯಲ್ಲ, ಮರ ಕಡಿದುಬಿಟ್ರಾ?’ ಎಂದು ಕೇಳಿದಳು. ಎಲ್ಲರೂ ಕೇಳುವ ಪ್ರಶ್ನೆ ಇದು. ಗೈಡು ಕೂತು ಹುಲ್ಲನ್ನು ಎರಡು ಕೈಯಿಂದ ಬಿಡಿಸಿ ಮಣ್ಣು ತೋರಿಸಿದರು. ನಾಲ್ಕು ಬೆರಳಿನಷ್ಟು ಕಪ್ಪು ಮಣ್ಣು, ಅದರ ಕೆಳಗೆ ಕಲ್ಲು. ‘ಇದರಲ್ಲಿ ಮರ ಎಲ್ಲಿ ಕಾಲೂರ್ತದೆ? ಊರಿದ್ರೂ ಗಾಳಿ ಬಿಡೂದಿಲ್ಲ’ ಎಂದರು. ತಗ್ಗಿನಲ್ಲಿ ಮಣ್ಣು ಆಳ, ನೀರಿನ ಪಸೆ ವರ್ಷವಿಡೀ, ಗಾಳಿಗೆ ಮರೆ, ಬೆಂಕಿಗೂ ದೂರ. ಅದಕ್ಕೇ ಅಲ್ಲಿ ಕಾಡು. ವಿಜ್ಞಾನಿಗಳು ಇದರ ಮೇಲೆ ಬಹಳ ಜಗಳವಾಡಿದ್ದಾರೆ. ಮನುಷ್ಯ ಬೆಂಕಿ ಹಾಕಿ ಕಾಡನ್ನು ಹುಲ್ಲು ಮಾಡಿದ ಎನ್ನುವವರೂ ಇದ್ದರು. ಕ್ಲಾಸಿನಲ್ಲಿ ಹೇಳುವ ಒಂದು ವಿಷಯವನ್ನು ಅಲ್ಲೇ ನಿಂತು ಇವರಿಗೂ ಹೇಳಿದೆ: ನೀಲಗಿರಿಯ ಎತ್ತರದ ಜೌಗಿನಲ್ಲಿ ಪದರ ಪದರವಾಗಿ ಕೂತ ಪೀಟ್ ಮಣ್ಣನ್ನು (ಅರೆಕೊಳೆತ ಗಿಡಗಂಟಿಯ ಮಣ್ಣು) ಪರೀಕ್ಷಿಸಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹುಲ್ಲು ಮತ್ತು ಮರ ಇಂಗಾಲವನ್ನು ಹೀರಿಕೊಳ್ಳುವ ರೀತಿ ಬೇರೆ ಬೇರೆ, ಅದರ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ಹವೆ ಒಣಗಿದಾಗ ಹುಲ್ಲು ಹಬ್ಬಿತು, ಮಳೆ ಹೆಚ್ಚಿದಾಗ ಕಾಡು ಹಬ್ಬಿತು, ಹೀಗೆ ಸಾವಿರಾರು ವರ್ಷಗಳ ಹಿಂದುಮುಂದು ಅದರಲ್ಲಿ ಸಿಕ್ಕಿತು. ಅಂದರೆ ಘಟ್ಟದ ಮೇಲಿನ ಈ ಹುಲ್ಲು ನಮ್ಮ ಕೊಡಲಿಗಿಂತ ಹಳೆಯದು.

ಗೈಡು ಪೂರ್ತಿ ಕೇಳಿಸಿಕೊಂಡು, ‘ಹೌದು, ನಮ್ಮ ಅಜ್ಜನೂ ಹುಲ್ಲೇ ನೋಡಿದ್ದು’ ಎಂದರು.

ಈ ಹುಲ್ಲನ್ನು ಬ್ರಿಟಿಷರ ಕಾಲದಿಂದ ಕಾಗದದಲ್ಲಿ ಪಾಳು ಜಮೀನು ಎಂದೇ ಬರೆದುಕೊಂಡು ಬಂದರು. ಪಾಳು ಅಂದಮೇಲೆ ಏನಾದರೂ ನೆಡಲೇಬೇಕಲ್ಲ. ಅಕೇಶಿಯಾ, ನೀಲಗಿರಿ, ಗಾಳಿ ಮರ ನೆಟ್ಟರು. ಕುದುರೆಮುಖ ಟೌನ್‌ಶಿಪ್ ಸುತ್ತ ಇವತ್ತಿಗೂ ಸಾಲುಸಾಲು ಅಕೇಶಿಯಾ ಕಾಣುತ್ತದೆ. ಹೊರಗಿನಿಂದ ಬಂದವರು ‘ಎಷ್ಟು ಹಸಿರು’ ಅಂತ ಕಾರು ನಿಲ್ಲಿಸಿ ಫೋಟೋ ತೆಗೆಯುವುದೂ ಅದನ್ನೇ. ಅದರ ಕೆಳಗೆ ಹುಲ್ಲಿಲ್ಲ, ಹೂವಿಲ್ಲ.

ಹೂವು ಅಂದರೆ ನಿಜವಾದ ಹುಲ್ಲುಗಾವಲಿನಲ್ಲಿ ಎಂಥದ್ದೆಲ್ಲ ಇದ್ದವು! ನೀರು ಜಿನುಗುವ ಹಾಸುಬಂಡೆಯ ಅಂಚಿನಲ್ಲಿ ಗೈಡು ನಮ್ಮನ್ನು ಮಂಡಿಯೂರಿ ಕೂರಿಸಿದರು. ಹತ್ತು ಪೈಸೆ ನಾಣ್ಯದಷ್ಟು ಅಗಲದ ಕೆಂಪು ಗಿಡ, ನೆಲಕ್ಕೆ ಅಂಟಿಕೊಂಡಿದೆ. ಎಲೆಯ ಸುತ್ತ ಕೂದಲು, ಪ್ರತಿ ಕೂದಲಿನ ತುದಿಗೂ ಒಂದು ಹನಿ. ಬಿಸಿಲು ಬಂದರೂ ಆ ಹನಿ ಆರುವುದಿಲ್ಲ, ಅದು ಅಂಟು. ಡ್ರಾಸೆರಾ. ನಾನು ಪಾಠದ ಚಿತ್ರದಲ್ಲಿ ಮಾತ್ರ ನೋಡಿದ್ದು. ಒಂದು ಎಲೆಯ ಮೇಲೆ ಸೊಳ್ಳೆಗಿಂತ ಚಿಕ್ಕ ನೊಣ ಸಿಕ್ಕಿಹಾಕಿಕೊಂಡು ಒಂದು ಕಾಲು ಮಾತ್ರ ಆಡಿಸುತ್ತಿತ್ತು. ಪಕ್ಕದ ಎರಡು ಕೂದಲು ಆಗಲೇ ಅದರ ಕಡೆಗೆ ಬಗ್ಗಿದ್ದವು. ಮಣ್ಣು ಬಡವಾದ್ದರಿಂದ ಸಾರಜನಕಕ್ಕೆ ಹುಳವನ್ನೇ ಹಿಡಿಯಬೇಕು. ನಾಲ್ವರು ಟೀಚರ್‌ಗಳು ಹಿಂಭಾಗ ಮೇಲೆತ್ತಿಕೊಂಡು ಬಂಡೆಗೆ ಮೂಗು ತಾಗಿಸಿ ಕೂತಿದ್ದನ್ನು ನೋಡಿ ಓಡುತ್ತಿದ್ದ ಒಂದು ತಂಡ ನಿಂತು, ‘ಏನಾದ್ರೂ ಬಿತ್ತಾ ಆಂಟಿ?’ ಎಂದು ಕೇಳಿಕೊಂಡು ಹೋಯಿತು. ಅದೇ ಬಂಡೆಯ ಮೇಲೆ ನೀಲಿ ಸೀತೆ ಅಶ್ರು, ಬಿಳಿ ಗುಂಡಿಯ ಹಾಗಿನ ಎರಿಯೋಕಾಲಾನ್, ಕಾಡಿನಂಚಿಗೆ ಗುಲಾಬಿ ಬಣ್ಣದ ಗೌರಿಹೂ.

ಪ್ರಾಣಿ ಕಾಣುತ್ತವೆಯೇ ಎಂದರೆ, ಸಫಾರಿಯ ಲೆಕ್ಕದಲ್ಲಿ ಇಲ್ಲ. ದೂರದ ಏಣಿನ ಮೇಲೆ ಐದಾರು ಕಪ್ಪು ಚುಕ್ಕೆ ತೋರಿಸಿ ‘ಕಾಟಿ’ (ಕಾಡುಕೋಣ) ಎಂದರು. ಬೈನಾಕ್ಯುಲರ್ ಇದ್ದುದರಿಂದ ಕೊಂಬು, ಬಿಳಿ ಕಾಲುಚೀಲ ಕಂಡವು, ಇಲ್ಲದಿದ್ದರೆ ಕಲ್ಲು ಎಂದೇ ಅಂದುಕೊಳ್ಳಬೇಕು. ಕಡವೆಯ ಹಿಕ್ಕೆ ದಾರಿಯುದ್ದಕ್ಕೂ. ಶೋಲಾದ ಒಳಗೆ ಹಳ್ಳದ ಬದಿ ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕುತ್ತಿದ್ದ, ಅದು ಹುಡುಗನಲ್ಲ, ಮಲಬಾರ್ ಸಿಳ್ಳಾರ ಹಕ್ಕಿ. ಸಿಂಗಳೀಕ ನಮಗೆ ಕಾಣಲಿಲ್ಲ. ಅವು ಇನ್ನೂ ಕೆಳಗಿನ ದಟ್ಟ ಮಳೆಕಾಡಿನಲ್ಲಿ, ಮರದಿಂದ ಮರಕ್ಕೆ ಹೋಗುತ್ತವೆಯೇ ಹೊರತು ನೆಲಕ್ಕೆ ಇಳಿಯುವುದು ಕಮ್ಮಿ. ಆದರೆ ಈ ಉದ್ಯಾನ ಆಗುವುದಕ್ಕೆ ಅವೂ ಕಾರಣ: 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ರಾಜ್ಯದ ಸಿಂಗಳೀಕಗಳ ಸಮೀಕ್ಷೆ ಮಾಡಿ ಈ ಕಾಡುಗಳ ಮಹತ್ವ ತೋರಿಸಿದರು, 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಳ್ಳದ ಕಪ್ಪೆ. ಒದ್ದೆ ಕಲ್ಲಿನ ಮೇಲೆ ಹೆಬ್ಬೆರಳಿನ ತುದಿಯಷ್ಟು, ಕಲ್ಲಿನದೇ ಬಣ್ಣ. ನೀರಿನ ಸದ್ದಿಗೆ ಕೂಗು ಕೇಳುವುದಿಲ್ಲ, ಅದಕ್ಕೆ ಗಂಡು ಕಪ್ಪೆ ಹಿಂಗಾಲನ್ನು ನೀಟಾಗಿ ಹಿಂದಕ್ಕೆ ಚಾಚಿ, ಬೆರಳು ಬಿಡಿಸಿ ತೋರಿಸಿ, ಮತ್ತೆ ಮಡಚಿಕೊಳ್ಳುತ್ತದೆ. ‘ಕಾಲು ಜಾಡಿಸೋ ಕಪ್ಪೆ’ ಎಂದರು ಗೈಡು. ಈ ಕುಣಿಯುವ ಕಪ್ಪೆಗಳ ಒಂದು ಜಾತಿಗೆ ಇಲ್ಲೇ ಪಕ್ಕದ ಕೊಟ್ಟಿಗೆಹಾರದ ಹೆಸರಿದೆ. 1937ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್. ನಾವು ನೋಡಿದ್ದು ಅದೇ ಜಾತಿಯೇ ಎಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ಕಾಲು ಜಾಡಿಸಿದ್ದು ಮಾತ್ರ ಖರೆ, ವಿಡಿಯೋ ಇದೆ, ಒಂಬತ್ತನೇ ಕ್ಲಾಸಿಗೆ ತೋರಿಸಿದ್ದೇನೆ.

ಶಿಖರದ ಹತ್ತಿರ ಕೊನೆಯ ಏರು ಕಷ್ಟ. ಕೊನೆಯ ಶೋಲಾದೊಳಗೆ ನೀರು ಸಿಗುತ್ತದೆ, ಬಾಟಲಿ ತುಂಬಿಕೊಳ್ಳಿ. ಆಮೇಲೆ ಕಲ್ಲಿನ ಗೋಡೆಗಳ ಪಾಳು ಬರುತ್ತದೆ, ಹಳೇ ಚರ್ಚು ಎನ್ನುತ್ತಾರೆ. ದಕ್ಷಿಣ ಕನ್ನಡದ ಬ್ರಿಟಿಷ್ ದೊರೆಗಳು ಸೆಕೆಗೆ ಹೆದರಿ ಬೇಸಿಗೆಯಲ್ಲಿ ಇಲ್ಲಿಗೆ ಹತ್ತಿ ಬರುತ್ತಿದ್ದರಂತೆ. ಅವರು ಹತ್ತಿದ್ದೇನು, ಅವರನ್ನೂ ಅವರ ಪೆಟ್ಟಿಗೆಯನ್ನೂ ಹೊತ್ತವರು ಬೇರೆ ಇದ್ದಿರಬೇಕು. ತುತ್ತತುದಿ ಸುಮಾರು 1,890 ಮೀಟರ್. ಪಶ್ಚಿಮಕ್ಕೆ ನೆಲ ಒಮ್ಮೆಲೇ ಕಡಿದುಹೋಗಿ ಕೆಳಗೆ ಬೆಳ್ತಂಗಡಿ ಸೀಮೆ. ಸಮುದ್ರದಲ್ಲಿ ಹೋಗುವ ಹಡಗಿನವರು ಹಿಂದೆ ಈ ಕುದುರೆ ಮುಖವನ್ನು ದಿಕ್ಕಿನ ಗುರುತು ಮಾಡಿಕೊಳ್ಳುತ್ತಿದ್ದರು. ನಮಗೆ ಸಮುದ್ರವೂ ಇಲ್ಲ, ಬೆಳ್ತಂಗಡಿಯೂ ಇಲ್ಲ, ಎದುರಿಗೆ ನಿಂತ ಗಣಿತದ ಟೀಚರೂ ಮಸುಕು, ಅಷ್ಟು ಮಂಜು. ಚಿತ್ರಾನ್ನ ತಿಂದು ಇಳಿದೆವು. ಶಿಖರದಲ್ಲಿ ಏನೂ ಕಾಣಲಿಲ್ಲ ಎಂದು ಸಿಟ್ಟಿಗೆ ಒಂದೇ ಸ್ಟಾರ್ ಕೊಟ್ಟ ರಿವ್ಯೂಗಳನ್ನು ಓದಿದ್ದೇನೆ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ನಮ್ಮೂರಿನ ಹತ್ತು ವರ್ಷದ ಮಳೆ ಇಲ್ಲಿ ಒಂದು ವರ್ಷಕ್ಕೆ ಸುರಿಯುತ್ತದೆ. ಮಂಜಿಗೆ ಹೋಂಸ್ಟೇಯವರು ಏನು ಮಾಡಬೇಕು?

ಮಾರನೇ ದಿನದ ‘ಸೈಟ್ ಸೀಯಿಂಗ್’ ಹೆಸರು ಕೇಳಿ ಬೇಡವೆನ್ನುವುದರಲ್ಲಿದ್ದೆ. ಗೈಡು ‘ಅದೂ ನೋಡಿ ಮೇಡಂ, ಇಲ್ಲಾಂದ್ರೆ ಅರ್ಧ ಕತೆ ಆಗ್ತದೆ’ ಎಂದು ತಾವೂ ಜೀಪು ಹತ್ತಿದರು. ಇದು ಅವರ ಡ್ಯೂಟಿ ಅಲ್ಲ, ಇದಕ್ಕೆ ಅವರಿಗೆ ಪ್ಯಾಕೇಜಿನಲ್ಲಿ ದುಡ್ಡೂ ಇಲ್ಲ.

ಕುದುರೆಮುಖ ಟೌನ್‌ಶಿಪ್ ಭದ್ರೆಯ ದಂಡೆಯಲ್ಲಿದೆ. ಕಬ್ಬಿಣದ ಗಣಿಯವರಿಗೆಂದು ಕಟ್ಟಿದ್ದು, ಒಂದು ಕಾಲಕ್ಕೆ ಶಾಲೆ, ಆಸ್ಪತ್ರೆ, ಬ್ಯಾಂಕು ಎಲ್ಲ ತುಂಬಿದ್ದ ಊರು. ಈಗ ಸಾಲು ಕ್ವಾರ್ಟರ್ಸುಗಳ ಕಿಟಕಿಯೊಳಗೆ ಬಳ್ಳಿ ನುಗ್ಗಿದೆ. ಈ ಬೆಟ್ಟದಲ್ಲಿ ಕಬ್ಬಿಣ ಇದೆ ಎಂದು 1913ರಲ್ಲೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಆದರೆ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಅಗೆದರೆ ಸಾಲದು, ಪುಡಿ ಮಾಡಿ ಬೇರ್ಪಡಿಸಬೇಕು. ಅಷ್ಟು ದುಡ್ಡಿಗೆ ಒಪ್ಪಂದವಾದದ್ದು 1975ರಲ್ಲಿ, ಇರಾನಿನ ಶಾ ಸರಕಾರದ ಜೊತೆ: 63 ಕೋಟಿ ಡಾಲರ್ ಸಾಲ, ಬದಲಿಗೆ ಅದಿರು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು, 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಕೈಬಿಟ್ಟರು. ಅಷ್ಟು ಹೊತ್ತಿಗೆ ಬೆಟ್ಟ ಕಡಿದಾಗಿತ್ತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಘಟ್ಟದ ಕೆಳಗೆ ಪಣಂಬೂರಿಗೆ 67 ಕಿಲೋಮೀಟರ್ ಕೊಳವೆಯಲ್ಲಿ ಹರಿಸಿದರು. ಉಳಿದ ಕೆಸರನ್ನು ತಡೆದಿಡಲು ಲಖ್ಯಾ ಹೊಳೆಗೆ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ತೆಹರಾನಿನ ಗಲಾಟೆಗೂ ಲಖ್ಯಾ ಹೊಳೆಗೂ ಇರುವ ಈ ನಂಟನ್ನು ನಾನು ಪಾಠದಲ್ಲಿ ಹೇಳಿದಾಗ ಮಕ್ಕಳು ನಂಬುವುದಿಲ್ಲ.

ಹೊಳೆಬದಿ ಇಳಿದಾಗ ನಡೆದ ಒಂದು ಸಣ್ಣ ಸಂಗತಿ. ಹಿಂದಿ ಟೀಚರಿನ ಪರ್ಸಿನ ಬಾಯಿಗೆ ಆಯಸ್ಕಾಂತದ ಗುಂಡಿ ಇತ್ತು. ಪರ್ಸು ಮರಳಿನ ಮೇಲೆ ಬಿತ್ತು. ಎತ್ತಿದಾಗ ಗುಂಡಿಯ ಸುತ್ತ ಇರುವೆ ಮುತ್ತಿದ ಹಾಗೆ ಕಪ್ಪು ಕಣಗಳು. ಒರೆಸಿದರೆ ಬೆರಳಿಗೆ ಮೆತ್ತುತ್ತವೆ, ಪರ್ಸಿನ ಹತ್ತಿರ ತಂದರೆ ನೆಟ್ಟಗೆ ನಿಲ್ಲುತ್ತವೆ. ಮ್ಯಾಗ್ನೆಟೈಟ್, ಅಂದರೆ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಗೈಡಿಗೂ ಇದು ಹೊಸದು, ಪರ್ಸು ಇಸಕೊಂಡು ಆಚೆ ಈಚೆ ಮರಳಿಗೆ ತಾಗಿಸಿ ನೋಡಿದರು.

ಮಳೆಗಾಲದಲ್ಲಿ ಗಣಿಯ ಮಣ್ಣು ಇದೇ ಭದ್ರೆಗೆ ಇಳಿಯುತ್ತಿತ್ತು, ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಜಲಾಶಯಕ್ಕೆ. ನಮ್ಮ ನಾಲೆಯ ನೀರು ಬರುವುದು ಆ ಜಲಾಶಯದಿಂದ. ಹೂಳು, ಕಾಡಿನ ನಾಶ, ರಾಷ್ಟ್ರೀಯ ಉದ್ಯಾನದ ನಡುವೆ ಗಣಿ, ಇವೆಲ್ಲ ಸುಪ್ರೀಂ ಕೋರ್ಟಿಗೆ ಹೋದವು. ಅರ್ಜಿ ಹಾಕಿದವರು ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ. ಎಂ. ಚಿಣ್ಣಪ್ಪ. 2002ರಲ್ಲಿ ತೀರ್ಪು ಬಂತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನಾನು ಇದನ್ನು ಸಂತೋಷದಿಂದ ಹೇಳುತ್ತಿದ್ದೆ, ಗೈಡು ತಲೆ ಆಡಿಸಲಿಲ್ಲ. ಅವರ ಅಣ್ಣನಿಗೆ ಗಣಿಯಲ್ಲಿ ಕಂಟ್ರಾಕ್ಟ್ ಕೆಲಸ ಇತ್ತಂತೆ, ನಿಂತ ಮೇಲೆ ಮಂಗಳೂರಿಗೆ ಹೋದವರು ಊರಿಗೆ ಬರುವುದೇ ಹಬ್ಬಕ್ಕೆ. ‘ಗಣಿ ಬಂತು, ನಮ್ಮನ್ನ ಕೇಳಲಿಲ್ಲ. ಪಾರ್ಕ್ ಬಂತು, ಕೇಳಲಿಲ್ಲ. ಗಣಿ ಹೋಯ್ತು, ಆವಾಗಲೂ ಕೇಳಲಿಲ್ಲ’ ಎಂದರು. ಉದ್ಯಾನದ ಗಡಿಯೊಳಗೆ ಉಳಿದ ಮನೆಗಳಿಗೆ ರಸ್ತೆಯೂ ಕರೆಂಟೂ ಬರುವುದಕ್ಕೆ ತಕರಾರು, ಎದ್ದು ಹೋಗಿ ಎನ್ನುವುದಕ್ಕೆ ಪರಿಹಾರದ ಪ್ಯಾಕೇಜು. ಆ ಅಸಮಾಧಾನದ ನಡುವೆಯೇ ಬಂದೂಕು ಹಿಡಿದವರೂ ಈ ಕಾಡಿಗೆ ಬಂದು ಹೋದರು, ಪೊಲೀಸರೂ ಬಂದರು. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಿನಲ್ಲಿ ಸತ್ತದ್ದು ಈ ಸೀಮೆಯಲ್ಲೇ. ಆ ವರ್ಷಗಳ ಬಗ್ಗೆ ಕೇಳಿದರೆ ಗೈಡು ‘ಮಳೆ ಬರ್ತದೆ, ಹೋಗುವ’ ಎಂದರು. ನಾನೂ ಒತ್ತಾಯಿಸಲಿಲ್ಲ.

ಕೆಲವು ತಂಡದವರು ಗೈಡನ್ನು ನಡೆಸಿಕೊಳ್ಳುವ ರೀತಿ ನೋಡಿ ಬೇಜಾರಾಯಿತು. ಹೆಸರೂ ಕೇಳದೆ ‘ಗೈಡ್, ಇನ್ನೂ ಎಷ್ಟು ದೂರ?’ ಎಂಬ ಒಂದೇ ಪ್ರಶ್ನೆ. ಹೋಂಸ್ಟೇಯವರೂ ಅಷ್ಟೇ: ಒಬ್ಬ ಗೈಡಿನ ಬೆನ್ನಿಗೆ ಇಪ್ಪತ್ತು ಜನ ಕಟ್ಟಿ ಕಳಿಸಿದರೆ ಅವರು ಯಾರಿಗೆ ಹುಲ್ಲು ಬಿಡಿಸಿ ಮಣ್ಣು ತೋರಿಸಬೇಕು? ನಮ್ಮ ಅದೃಷ್ಟಕ್ಕೆ ಅವತ್ತು ವಾರದ ನಡುವಿನ ದಿನ, ನಮ್ಮ ಜೊತೆ ಇನ್ನಿಬ್ಬರಷ್ಟೇ ಇದ್ದರು. ಪ್ಯಾಕೇಜಿನ ಮೂರು ಸಾವಿರ ಚಿಲ್ಲರೆಯಲ್ಲಿ ಬೆಲೆ ಬಾಳುವುದು ಈ ಮನುಷ್ಯನ ತಿಳಿವಳಿಕೆ ಒಂದೇ, ಜಾಹೀರಾತಿನಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ‘ಕ್ಯಾಂಪ್ ಫೈರ್, ಮ್ಯೂಸಿಕ್, ಅನ್‌ಲಿಮಿಟೆಡ್ ಫುಡ್’ ಅಂತ ದೊಡ್ಡಕ್ಷರದಲ್ಲಿ ಇದೆ.

ಹೋಗುವವರಿಗೆ ನನ್ನ ಮಾತು: ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳಗೆ, ವಾರದ ಮಧ್ಯೆ ಹೋಗಿ. ಬಟ್ಟೆಯ ರೇನ್‌ಕೋಟ್ ಉಪಯೋಗವಿಲ್ಲ, ಹಿಂಬದಿ ಹೊಲಿಗೆ ಬಿಟ್ಟರೆ ನೀರು ಒಳಗೇ. ಮಂಡಿನೋವು ಇದ್ದವರು ಒಂಟಿಮರದವರೆಗೆ ಹೋಗಿ ವಾಪಸಾದರೂ ನಷ್ಟವಿಲ್ಲ, ಹುಲ್ಲು, ಶೋಲಾ, ಹಳ್ಳ ಎಲ್ಲ ಅಷ್ಟರಲ್ಲೇ ಸಿಗುತ್ತದೆ. ಬುಕ್ ಮಾಡುವಾಗ ಗೈಡು ಆ ಊರಿನವರೇ, ಒಬ್ಬರ ಜೊತೆ ಎಷ್ಟು ಜನ ಕಳಿಸುತ್ತೀರಿ ಎಂದು ಕೇಳಿ, ಉತ್ತರ ತೊದಲಿದರೆ ಇನ್ನೊಂದು ಮನೆ ನೋಡಿ. ಪ್ಯಾಕೇಜಿನಲ್ಲಿ ಗೈಡಿಗೆ ಸಿಗುವ ಪಾಲು ಬಹಳ ಕಮ್ಮಿ. ಅದಕ್ಕೆ ನೀವು ಮೇಲೆ ಕೊಡುವುದನ್ನು ಅವರ ಕೈಗೇ ಕೊಡಿ, ನೋಟಿನಲ್ಲಿ ಕೊಡಿ. ಮುಳ್ಳೋಡಿಯಲ್ಲಿ ನೆಟ್‌ವರ್ಕ್ ಇಲ್ಲ, ಫೋನ್‌ಪೇ ನಡೆಯುವುದಿಲ್ಲ, ಕಳಸದಲ್ಲೇ ಎಟಿಎಂನಿಂದ ದುಡ್ಡು ತೆಗೆದಿಟ್ಟುಕೊಂಡು ಜೀಪು ಹತ್ತಿ.